ದುಃಖದ ಮನೆಗೆ ಕ್ಯಾಮೆರಾ ಒಯ್ಯುವವರಿಗೆ: ಮುಂಬಯಿಯಲ್ಲಿ ಸಾಕ್ಷ್ಯಚಿತ್ರ ಮಾಡುವ ಬಗೆ

ಚಿತ್ರ ಮುಗಿದ ಮೇಲೂ ಆ ಮನೆಯವರು ಅದೇ ಚಾಳಿನಲ್ಲಿ (ಸಾಲುಕೋಣೆಗಳ ವಠಾರದಲ್ಲಿ), ಅದೇ ನೆರೆಹೊರೆಯ ನಡುವೆ ಬದುಕಬೇಕು. ಆತ್ಮಹತ್ಯೆಯಿಂದ ಮಗನನ್ನೋ ಹೆಂಡತಿಯನ್ನೋ ಕಳೆದುಕೊಂಡವರ ಬಗ್ಗೆ ಸಾಕ್ಷ್ಯಚಿತ್ರ ಮಾಡಹೊರಟವರು ಪ್ರತಿಯೊಂದು ತೀರ್ಮಾನವನ್ನೂ ಈ ಮಾತಿಗೆ ತಾಳೆ ಹಾಕಿ ನೋಡಬೇಕು. ಮುಂಬಯಿ ದೊಡ್ಡದು, ಇಲ್ಲಿನ ಕನ್ನಡಿಗರ ಬಳಗ ಚಿಕ್ಕದು. ಮಾಟುಂಗಾದ ಸಂಘದ ಕಾರ್ಯಕ್ರಮದಲ್ಲಿ ಕಂಡವರೇ ಸಾಯನ್‌ನ ಮದುವೆಯಲ್ಲೂ ಸಿಗುತ್ತಾರೆ. ಇಲ್ಲಿ ಆಡಿದ ಮಾತು ವಾರದೊಳಗೆ ಉಡುಪಿಗೂ ಧಾರವಾಡಕ್ಕೂ ಮುಟ್ಟಿರುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 22,746 ಮಂದಿ ಮಹಾರಾಷ್ಟ್ರದವರು, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಹಾಗಾಗಿ ಇಂಥ ಮನೆಗಳನ್ನು ಹುಡುಕುವುದು ಕಷ್ಟವಲ್ಲ. ಹುಡುಕುವ ದಾರಿಯಲ್ಲೇ ತಪ್ಪಾಗುತ್ತದೆ. ಸಂಘದ ವಾಟ್ಸಾಪ್ ಗುಂಪಿನಲ್ಲಿ ‘ಇಂಥವರಿದ್ದರೆ ತಿಳಿಸಿ’ ಎಂದು ಹಾಕಿದರೆ ನಾಲ್ಕು ಜನ ಬೇರೆಯವರ ಮನೆಯ ಹೆಸರು ಬರೆದುಬಿಡುತ್ತಾರೆ. ಅಲ್ಲಿಗೆ ಆ ಮನೆಯ ಮಾನ ಬೀದಿಗೆ ಬಂತು. ಆಪ್ತಸಮಾಲೋಚಕರಿಗೋ ಇಂಥ ಕುಟುಂಬಗಳ ಬೆಂಬಲ ಗುಂಪು ನಡೆಸುವವರಿಗೋ ನಿಮ್ಮ ಉದ್ದೇಶವನ್ನು ಒಂದು ಪುಟದಲ್ಲಿ ಬರೆದುಕೊಡಿ. ಮಾತಾಡಲು ಮನಸ್ಸಿರುವವರು ತಾವೇ ಫೋನ್ ಮಾಡಲಿ.

ಸಾವಾಗಿ ಒಂದು ವರ್ಷವಾದರೂ ಕಳೆಯದೆ ಕ್ಯಾಮೆರಾ ತೆಗೆಯಬೇಡಿ. ಮೊದಲ ಎರಡು ಮೂರು ಭೇಟಿಗೆ ಕೈ ಬೀಸಿಕೊಂಡು ಹೋಗಿ, ಚಹಾ ಕುಡಿದು, ಮಾತಾಡಿ ಬನ್ನಿ. ಶೂಟಿಂಗಿನ ದಿನ ಗೊತ್ತುಮಾಡುವಾಗ ಹೋದವರ ಹುಟ್ಟಿದ ದಿನ, ವರ್ಷಾಂತಿಕ, ಅವರಿಲ್ಲದೆ ಮಾಡಬೇಕಾದ ಚೌತಿ ಇವುಗಳ ಹತ್ತಿರದ ವಾರವನ್ನು ಬಿಟ್ಟುಬಿಡಿ. ಬೊಜ್ಜ (ಉತ್ತರಕ್ರಿಯೆ), ತಿಥಿಗಳ ವಿಷಯ ಕೇಳುವ ಮುಂಚೆ ತುಸು ಎಚ್ಚರ ಬೇಕು. ‘ದುರ್ಮರಣ’ ಎಂಬ ಕಾರಣಕ್ಕೆ ಕೆಲವು ಮನೆಗಳಲ್ಲಿ ಕ್ರಿಯೆಗಳನ್ನು ಮೊಟಕು ಮಾಡಿರುತ್ತಾರೆ, ಆ ಗಾಯ ಬೇರೆಯೇ.

ಇನ್ನೊಂದನ್ನು ಮೊದಲೇ ವಿಚಾರಿಸಿಕೊಳ್ಳಿ. ಆತ್ಮಹತ್ಯೆಗೆ ಕುಮ್ಮಕ್ಕು ನೀಡಿದ ಆರೋಪದ ಮೇಲೆ ಕೇಸು ನಡೆಯುತ್ತಿದೆಯೇ? ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 108ನೇ ಕಲಂ, ಹಳೆಯ ದಂಡ ಸಂಹಿತೆಯಲ್ಲಿ 306 ಆಗಿತ್ತು. ಕೇಸಿದ್ದರೆ ವಕೀಲರನ್ನು ಕೇಳದೆ ಒಂದು ಮಾತನ್ನೂ ರೆಕಾರ್ಡ್ ಮಾಡಬೇಡಿ. ನಿಮ್ಮ ಹಾರ್ಡ್ ಡಿಸ್ಕ್ ಸಾಕ್ಷ್ಯವಾಗಿಬಿಡಬಹುದು, ಅಳುತ್ತ ಆಡಿದ ಅರ್ಧ ವಾಕ್ಯವನ್ನು ಮುಂದೆ ಅವರ ವಿರುದ್ಧವೇ ಎತ್ತಬಹುದು.

ಒಪ್ಪಿಗೆ ಮೂರು ಸಲ

ಒಂದೇ ಸಹಿ ಸಾಲದು. ಶೂಟಿಂಗಿಗೆ ಮುಂಚೆ ಒಮ್ಮೆ, ಮಾತಾಡಿ ಮುಗಿಸಿದ ಮೇಲೆ ಒಮ್ಮೆ, ಕಚ್ಚಾ ಸಂಕಲನ ನೋಡಿದ ಮೇಲೆ ಮತ್ತೊಮ್ಮೆ. ಪತ್ರ ಕನ್ನಡದಲ್ಲಿರಲಿ, ಮನೆಯಲ್ಲಿ ತುಳು ಆಡುವವರಾದರೆ ತುಳುವಿನಲ್ಲಿ ಓದಿ ಹೇಳಿ. ಬಿಡುಗಡೆಯ ತನಕ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಕಾರಣ ಕೊಡಬೇಕಾಗಿಲ್ಲ ಎಂಬ ಸಾಲು ಅದರಲ್ಲಿ ಇರಲೇಬೇಕು. ಮನೆಯೊಳಗೆ ಎಲ್ಲರ ಮನಸ್ಸೂ ಒಂದೇ ಆಗಿರುವುದಿಲ್ಲ. ತಾಯಿ ಒಪ್ಪಿ ತಂಗಿ ಒಪ್ಪದಿದ್ದರೆ ತಂಗಿಯ ಮುಖ, ಹೆಸರು, ಗೋಡೆಯ ಮೇಲಿನ ಅವಳ ಶಾಲೆಯ ಫೋಟೋ ಯಾವುದೂ ಚೌಕಟ್ಟಿಗೆ ಬರಕೂಡದು.

ಗುರುತು ಮರೆಸಬೇಕೆಂದರೆ ಮುಖಕ್ಕೆ ಮಸುಕು ಬಳಿದರೆ ಆಗದು. ದನಿ, ಸೀರೆ, ಬಾಗಿಲ ಮೇಲಿನ ನಾಮಫಲಕ, ಕಿಟಕಿಯಾಚೆ ಕಾಣುವ ಕಟ್ಟಡ ಒಂದೊಂದೂ ಹೇಳಿಬಿಡುತ್ತದೆ. ದನಿಯ ಶ್ರುತಿ ಇಳಿಸಿದ್ದನ್ನು ಮತ್ತೆ ಏರಿಸಿ ಕೇಳಬಹುದು. ಅವರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಓದಿಸಿ, ಕೈ ಮಾತ್ರ ತೋರಿಸಿ.

ಹತ್ತು ಅಡಿ ಕೋಣೆಯಲ್ಲಿ

ತಂಡದಲ್ಲಿ ಮೂವರಿಗಿಂತ ಹೆಚ್ಚು ಜನ ಬೇಡ. ನೆರೆಯವರು ಕೇಳಿದರೆ ಹೇಳಲು ಸಾದಾ ಹೆಸರೊಂದು ಇರಲಿ. ‘ಮುಂಬಯಿ ಕನ್ನಡಿಗರ ಮನೆಗಳು’ ಅಂದರೂ ಸಾಕು. ಕಾಗದ ಪತ್ರ, ಕ್ಲ್ಯಾಪ್ ಬೋರ್ಡ್ ಎಲ್ಲದರ ಮೇಲೂ ಅದೇ ಹೆಸರು.

ಹೊತ್ತು ಆರಿಸುವ ಮೊದಲು ನೀರು ಬರುವ ವೇಳೆ ಕೇಳಿಕೊಳ್ಳಿ. ಮಾತು ಬಿಗಿಯಾದ ಗಳಿಗೆಯಲ್ಲೇ ನಲ್ಲಿ ಬಂದು ಇಡೀ ಮಹಡಿ ಕೊಡ ಹಿಡಿದು ಎದ್ದರೆ ಆ ದಿನ ಕೆಟ್ಟಂತೆ. ಊಟ ಮುಗಿದು ಕುಕ್ಕರುಗಳು ಸುಮ್ಮನಾಗುವ ಮಧ್ಯಾಹ್ನ 2ರಿಂದ 4 ಒಳ್ಳೆಯದು. ಫ್ಯಾನು, ಫ್ರಿಜ್ಜು ಎರಡನ್ನೂ ಬಂದ್ ಮಾಡಿ. ನಿಮ್ಮ ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೆ ಇಟ್ಟರೆ ಹೊರಡುವಾಗ ಮತ್ತೆ ಚಾಲೂ ಮಾಡಲು ಮರೆಯುವುದಿಲ್ಲ. ತಗಡಿನ ಮಾಡಿನ ಮನೆಯಾದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆಸೆ ಬಿಡಿ.

ಕಾಲರ್ ಮೈಕು ಗದ್ದದಿಂದ ಒಂದು ಗೇಣು ಕೆಳಗೆ ಕೂರಲಿ. ಹೆಂಗಸರಿಗೆ ಮೈಕು ಸಿಕ್ಕಿಸುವುದಕ್ಕೆ ತಂಡದಲ್ಲಿ ಹೆಂಗಸೊಬ್ಬರು ಇರಬೇಕು. ಗಂಜಿ ಹಾಕಿದ ಸೀರೆ ಸರಸರ ಅನ್ನುತ್ತದೆ, ಕರಿಮಣಿ ತಾಗಿ ಟಿಕ್ ಅನ್ನುತ್ತದೆ. ಅಳು ಬಂದಾಗ ತಾಯಂದಿರ ಕೈ ಎದೆಗೆ ಹೋಗುತ್ತದೆ, ಆಗ ಆ ಟ್ರ್ಯಾಕ್ ಪೂರ್ತಿ ಹಾಳು. ಅದಕ್ಕೇ ಮೇಲಿನಿಂದ ಇನ್ನೊಂದು ಬೂಮ್ ಮೈಕು (ಕೋಲಿನ ತುದಿಗೆ ಕಟ್ಟಿದ್ದು) ಇರಬೇಕು. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಜೋರು ಮಾತು ಅದರ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲಲಿ. ಕೊನೆಯಲ್ಲಿ ಎಲ್ಲರೂ ಸುಮ್ಮನೆ ಕೂತು ಒಂದು ನಿಮಿಷ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ.

ಅವರು ಚಾಪೆಯ ಮೇಲೆ ಕೂತರೆ ಕ್ಯಾಮೆರಾವೂ ಅದೇ ಎತ್ತರಕ್ಕೆ ಇಳಿಯಲಿ. 35 ಅಥವಾ 50 ಎಂ.ಎಂ. ಲೆನ್ಸ್, ಕಿಟಕಿಯ ಬೆಳಕು, ಅಷ್ಟೇ. ಕಣ್ಣೀರು ಬಂದಾಗ ಜೂಮ್ ಮಾಡಬೇಡಿ. ಕರವಸ್ತ್ರ, ನೀರಿನ ಲೋಟ ಮೊದಲೇ ಕೈಗೆಟಕುವಂತೆ ಇರಲಿ. ಅಳುವಾಗ ಎದ್ದು ಕೊಟ್ಟರೆ ‘ಸಾಕು ನಿಲ್ಲಿಸಿ’ ಎಂದು ಹೇಳಿದಂತಾಗುತ್ತದೆ.

ಕೇಳುವುದು, ಬಿಡುವುದು

ಹೋದವರು ಹೇಗಿದ್ದರು ಎಂಬಲ್ಲಿಂದ ಶುರುಮಾಡಿ. ಯಾವ ಸಾರು ಇಷ್ಟ, ಯಾವ ಲೋಕಲ್ ಹಿಡಿಯುತ್ತಿದ್ದ, ಸಿಟ್ಟು ಬಂದರೆ ಏನು ಮಾಡುತ್ತಿದ್ದ. ಸಾವಿನ ದಿನ ನಡುವಿನಲ್ಲಿ ಬರಲಿ. ಕೊನೆಯ ಕಾಲು ಗಂಟೆ ಇವತ್ತಿನ ಬದುಕಿಗೆ: ಬೆಳಗ್ಗೆ ಎಷ್ಟಕ್ಕೆ ಏಳುತ್ತೀರಿ, ನಾಳೆ ಏನು ಕೆಲಸ. ಸಾವಿನ ಮಾತಿನಲ್ಲೇ ಕ್ಯಾಮೆರಾ ನಿಲ್ಲಿಸಿ ಹೊರಟರೆ ಅವರನ್ನು ಆ ದಿನದಲ್ಲೇ ಬಿಟ್ಟುಬಂದ ಹಾಗೆ. ಒಟ್ಟು ಮಾತು ಒಂದು ತಾಸು ಮೀರದಿರಲಿ, ಮರುದಿನ ತಪ್ಪದೆ ಫೋನ್ ಮಾಡಿ.

‘ಯಾಕೆ?’ ಅನ್ನುವ ಪ್ರಶ್ನೆ ಬೇಡ. ಆ ಪ್ರಶ್ನೆಯನ್ನು ಅವರು ದಿನಕ್ಕೆ ನೂರು ಸಲ ತಮಗೇ ಕೇಳಿಕೊಂಡಿರುತ್ತಾರೆ. ಹೇಗೆ ಸತ್ತರು, ಎಲ್ಲಿ ಎಂಬುದನ್ನು ಅವರಾಗಿಯೇ ಹೇಳಿದರೂ ಸಂಕಲನದಲ್ಲಿ ತೆಗೆಯಿರಿ. ವಿವರ ತೋರಿಸಿದರೆ ದುರ್ಬಲ ಮನಸ್ಥಿತಿಯಲ್ಲಿರುವ ನೋಡುಗರಿಗೆ ಅಪಾಯ ಹೆಚ್ಚು ಎಂಬ ಕಾರಣಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿನಿಮಾದವರಿಗೆಂದು ಕೈಪಿಡಿ ಹೊರತಂದಿತು. ಬರೆದಿಟ್ಟ ಚೀಟಿ, ಸ್ಥಳ, ಹಳಿ, ಮಹಡಿ ಯಾವುದರ ಚಿತ್ರವೂ ಬೇಡ. ಸಾಲ, ಪರೀಕ್ಷೆ, ಪ್ರೇಮ ಎಂದು ಒಂದೇ ಕಾರಣಕ್ಕೆ ಗಂಟು ಹಾಕುವುದೂ ಸುಳ್ಳು.

ಮಾತಿನಲ್ಲಿ ಒಂದನ್ನು ಗಮನಿಸಿ. ನಮ್ಮ ಜನ ‘ಆತ್ಮಹತ್ಯೆ’ ಎಂಬ ಪದ ಆಡುವುದೇ ಅಪರೂಪ. ‘ಅವ ಹಾಗೆ ಮಾಡ್ಕೊಂಡ’ ಅನ್ನುತ್ತಾರೆ, ‘ಹಾಗೆ’ಯ ಹತ್ತಿರ ದನಿ ತಗ್ಗುತ್ತದೆ. ಸಬ್‌ಟೈಟಲ್ ಬರೆಯುವವರು ಅಲ್ಲಿ ಖಾಲಿ ಜಾಗ ತುಂಬಲು ಹೋಗುತ್ತಾರೆ. ತುಂಬಬೇಡಿ; ‘ಹಾಗೆ’ ಎಂದಷ್ಟೇ ಬರಲಿ. ನಿಮ್ಮ ನಿರೂಪಣೆಯಲ್ಲಿ ‘ಹತ್ಯೆ’ಯ ಜೊತೆ ‘ಮಾಡಿಕೊಂಡ’ ಎಂದು ಹೇಳಿದರೆ ಕೊಲೆಗಾರನ ನೆರಳು ಬೀಳುತ್ತದೆ. ‘ಆತ್ಮಹತ್ಯೆಯಿಂದ ತೀರಿಕೊಂಡ’ ಎನ್ನಿ.

ಹಳೆಯ ಫೋಟೋಗಳನ್ನು ಮನೆಯಿಂದ ಆಚೆ ಒಯ್ಯದೆ ಅಲ್ಲೇ ಕಿಟಕಿಯ ಬೆಳಕಲ್ಲಿ ತೆಗೆದುಕೊಳ್ಳಿ. ಹೋದವರ ವಾಯ್ಸ್ ಮೆಸೇಜ್ ಬಳಸುವುದಾದರೆ ಮನೆಯ ಪ್ರತಿಯೊಬ್ಬರನ್ನೂ ಕೇಳಿ. ಯಾರಾದರೂ ಆ ದನಿಯನ್ನು ಇನ್ನೂ ಕೇಳಲಾರದೆ ಇರಬಹುದು.

ಸಂಕಲನದಲ್ಲಿ ಹಿನ್ನೆಲೆ ಸಂಗೀತವನ್ನು ಆದಷ್ಟು ಬಿಡಿ, ಮನೆಯ ಸದ್ದೇ ಸಾಕು. ಸಂಕಲನಕಾರರಿಗೆ ದಿನಕ್ಕೆ ನಾಲ್ಕು ತಾಸಿಗಿಂತ ಹೆಚ್ಚು ಈ ಮಾತುಗಳನ್ನು ಕೇಳಿಸಬೇಡಿ. ನಿದ್ದೆ ಕೆಡುವುದು ಮೊದಲು ಅವರದೇ. ಕಚ್ಚಾ ಪ್ರತಿಯನ್ನು ಆ ಮನೆಗೇ ಒಯ್ದು, ಅವರು ನಂಬುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಯೋಚಿಸಲು ಒಂದು ವಾರ ಕೊಡಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416, ಉಚಿತ, ದಿನದ 24 ಗಂಟೆಯೂ, ಕನ್ನಡದಲ್ಲೂ ಸಿಗುತ್ತದೆ. ಚಿತ್ರದ ಆರಂಭ, ಕೊನೆ ಎರಡೂ ಕಡೆ ಹತ್ತತ್ತು ಸೆಕೆಂಡ್ ಅದನ್ನು ನಿಲ್ಲಿಸಿ. ಸಭಾಂಗಣದಲ್ಲಿ ಪ್ರದರ್ಶನವಾದರೆ ಹಿಂದಿನ ಬಾಗಿಲು ತೆರೆದಿರಲಿ, ಪಕ್ಕದ ಕೋಣೆಯಲ್ಲಿ ಆಪ್ತಸಮಾಲೋಚಕರು ಕೂತಿರಲಿ. ದೀಪ ಹಾಕಿದ ಕೂಡಲೇ ಪ್ರಶ್ನೋತ್ತರ ಶುರುಮಾಡಬೇಡಿ, ಐದು ನಿಮಿಷ ಬಿಡಿ. ಮನೆಯವರನ್ನು ವೇದಿಕೆಗೆ ಕರೆಯುವುದು ಬೇಡ, ಅವರು ಬಯಸಿದರೆ ಮಾತ್ರ.

ಎಲ್ಲ ಮುಗಿದ ಮೇಲೆ ಚಿತ್ರಕ್ಕೆ ಸೇರದೆ ಉಳಿದ ಅವರ ಮಾತುಗಳನ್ನೆಲ್ಲ ಒಂದು ಪೆನ್ ಡ್ರೈವಿಗೆ ಹಾಕಿ ಮನೆಗೆ ಕೊಟ್ಟು ಬನ್ನಿ. ಮಗನಿಗೆ ಬಂಗುಡೆ ಸಾರು ಎಷ್ಟು ಖಾರ ಇರಬೇಕಿತ್ತು ಎಂದು ತಾಯಿ ಹೇಳಿದ ಆರು ನಿಮಿಷ ಅದರಲ್ಲಿರುತ್ತದೆ.