ಎಂ.ಎಸ್ಸಿ. ಸೀಟು ತುಂಬಿಸಿದ ಅಪ್ಪೆಮಿಡಿ ಕಸಿ

ನಮ್ಮ ಬಾಟನಿ ಎಂ.ಎಸ್ಸಿ.ಗೆ 20 ಸೀಟು. ನಾನು ಶಿರಸಿಗೆ ಬಂದ ವರ್ಷ ತುಂಬಿದ್ದು ಆರೋ ಏಳೋ. ಕಳೆದ ವರ್ಷ 17. ಹೇಗೆ ಅಂತ ಬೇರೆ ಕಾಲೇಜಿನ ಮೇಷ್ಟ್ರುಗಳು ಕೇಳುತ್ತಿದ್ದಾರೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬಣ್ಣದ ಕರಪತ್ರ, ಬ್ಯಾನರ್, ಡಿಗ್ರಿ ಕಾಲೇಜುಗಳಿಗೆ ಓಡಾಟ. ಹತ್ತಿರ ಹತ್ತಿರ 15 ಸಾವಿರ ಹೋಯಿತು, ಅರ್ಧ ನನ್ನ ಕೈಯಿಂದ. ಅದನ್ನು ನೋಡಿ ಬಂದವರು ಇಬ್ಬರೇ ಇರಬೇಕು. ಮಕ್ಕಳಿಗೆ ಇಷ್ಟ ಇರಲಿಲ್ಲ ಅಂತಲ್ಲ. ಮನೆಯಲ್ಲಿ "ಬಾಟನಿ ಓದಿ ಮುಂದೇನು?" ಅಂದರೆ ಉತ್ತರ ಇರಲಿಲ್ಲ. ಬಿ.ಎಡ್.ಗೆ ಹೋಗಿಬಿಡುತ್ತಿದ್ದರು.

ಹಾಗಾಗಿ ಮನೆಯವರನ್ನೇ ಕರೆದೆ. ಜೂನ್‌ನಲ್ಲಿ ಒಂದು ಭಾನುವಾರ, ಕೊನೆ ವರ್ಷದ ಬಿ.ಎಸ್ಸಿ. ಮಕ್ಕಳು, ಜೊತೆಗೆ ಅಪ್ಪನೋ ಅಮ್ಮನೋ. ಉಪ್ಪಿನಕಾಯಿ ಮಾವು ಅಪ್ಪೆಮಿಡಿಯ ಕಸಿ ಕಟ್ಟಿಸಿ ಗಿಡವನ್ನು ಅವರ ಕೈಗೇ ಕೊಡುವುದು. "ಇದು ಪಿ.ಜಿ. ವಿಭಾಗವೋ, ನರ್ಸರಿಯೋ?" ಅಂತ ನಮ್ಮ ವಿಭಾಗದ ಇನ್ನೊಬ್ಬ ಮೇಷ್ಟ್ರು ಕೇಳಿದರು.

ಮೊದಲ ವರ್ಷ ಕೈಕೊಟ್ಟಿತು. ಕಸಿಗೆ ಬೇಕಾದ ಅಪ್ಪೆಮಿಡಿ ಮರದ ಕಡ್ಡಿಯನ್ನು ಹಿಂದಿನ ದಿನವೇ ಕಡಿದು ಕಾರಿನಲ್ಲಿಟ್ಟಿದ್ದೆ. 40 ಗಿಡದಲ್ಲಿ ಬದುಕಿದ್ದು ಹನ್ನೊಂದೋ ಏನೋ. ಆ ಮನೆಗಳಿಂದ ನಾಲ್ವರು ಸೇರಿದರು. ಗಿಡ ಸತ್ತವರು ನನ್ನ ಫೋನನ್ನೇ ಎತ್ತಲಿಲ್ಲ. ಮರುವರ್ಷ ಎಂಟ್ಹತ್ತು ದಿನ ಮೊದಲೇ ಮರದ ಮೇಲೆ ಎಲೆ ಸವರಿಸಿ, ಕಸಿ ಕಟ್ಟುವ ದಿನ ಬೆಳಿಗ್ಗೆಯೇ ಕಡ್ಡಿ ತಂದೆ. ನಾಲ್ಕರಲ್ಲಿ ಮೂರು ಚಿಗುರಿದವು. ಖರ್ಚು ನಾಲ್ಕು ಸಾವಿರದೊಳಗೆ. ಕಡ್ಡಿಗೆ ತೋಟದವರು ದುಡ್ಡು ಮುಟ್ಟಲಿಲ್ಲ.

ಮೂರು ವಾರಕ್ಕೆ ಫೋನ್ ಮಾಡುತ್ತೇನೆ. "ಚಿಗುರು ಬಂತಾ?" ಅಷ್ಟೇ. ಸೇರುವ ಮಾತನ್ನು ಅವರೇ ಎತ್ತಬೇಕು. ಎತ್ತಿದರೆ ನಮ್ಮ ಹಳೆ ವಿದ್ಯಾರ್ಥಿಗಳ ಹತ್ತಿರ ಮಾತಾಡಿಸುತ್ತೇನೆ. ಒಬ್ಬ ನೆಟ್ (ಕಾಲೇಜು ಮೇಷ್ಟ್ರಾಗುವ ಅರ್ಹತಾ ಪರೀಕ್ಷೆ) ಪಾಸಾದವನು, ಒಬ್ಬಳು ಗಿಡದ ತುಣುಕಿನಿಂದ ಸಸಿ ಬೆಳೆಸುವ ಟಿಶ್ಯೂ ಕಲ್ಚರ್ ಲ್ಯಾಬಿನವಳು, ಇನ್ನೊಬ್ಬ ರಾಣೆಬೆನ್ನೂರಿನ ಬೀಜ ಕಂಪನಿಯವನು. ಸಂಬಳ ಎಷ್ಟು ಅಂತ ಅವರ ಬಾಯಿಂದಲೇ ಬರಬೇಕು. ಎರಡನೇ ಫೋನಿನಲ್ಲಿ ತಾಯಂದಿರಿಗೆ ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಕುಮಟಾ ಕಡೆಯ ಮಕ್ಕಳಿಗೆ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ನೆಡಿಸಿ ನೋಡಿದೆ. ಬೀಜ ಮರದಲ್ಲೇ ಮೊಳೆತಿರುವುದನ್ನು ನೋಡಿ ಕುಣಿದರು. ಸೇರಿದ್ದು ಒಬ್ಬಳೇ. ಕೆಸರಲ್ಲಿ ನೆಟ್ಟಿದ್ದನ್ನು ಮನೆಗೆ ಒಯ್ಯಲು ಆಗುವುದಿಲ್ಲ, ಅಲ್ವಾ? ಆಮೇಲೆ ಉಪ್ಪುನೀರು ತಡೆಯುವ ಕಗ್ಗ ಭತ್ತ ಹಿಡಿದೆ. ಒಂದು ತಟ್ಟೆಯಲ್ಲಿ ಕಗ್ಗ, ಇನ್ನೊಂದರಲ್ಲಿ ಮಾಮೂಲಿ ಭತ್ತ, ಎರಡಕ್ಕೂ ಉಪ್ಪುನೀರು. ವಾರದಲ್ಲಿ ಮನೆಯವರೆಲ್ಲ ವ್ಯತ್ಯಾಸ ನೋಡುತ್ತಾರೆ. ಗಜನಿ ಗದ್ದೆ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ಇರುವ ಮನೆಯ ಹುಡುಗನೊಬ್ಬ ಈಗ ಅದರ ಮೇಲೇ ಪ್ರಾಜೆಕ್ಟ್ ಮಾಡುತ್ತಿದ್ದಾನೆ. ಒಳ್ಳೆ ಕೆಲಸ, ದಿನಾ ಸಂಜೆ ಲ್ಯಾಬಿಗೆ ಬೀಗ ಹಾಕುವವನೂ ಅವನೇ.

ಈ ಮಳೆಗಾಲಕ್ಕೆ ಕಸಿ ಕಟ್ಟಲು 80 ಬೇರುಗಿಡ (ಕಡ್ಡಿ ಕೂರಿಸುವ ಮಾವಿನ ಸಸಿ) ಚೀಲದಲ್ಲಿ ಎದ್ದು ನಿಂತಿವೆ. ಮೊನ್ನೆ ಅದಕ್ಕೆ ನೀರು ಹಾಕುತ್ತಿದ್ದವರು ನರ್ಸರಿ ಅಂದಿದ್ದ ಆ ಮೇಷ್ಟ್ರೇ.