ಮೊನ್ಸಾಂತೊಗೆ ಹೋಗುವುದಾದರೆ: ಯಾದಗಿರಿ ಗುಡ್ಡ ಹತ್ತಿದವರಿಗೆ ಒಂದಿಷ್ಟು ಮಾತು

ಮೊನ್ಸಾಂತೊ ಅಂದ ಕೂಡಲೇ ನಮ್ಮ ಕಡೆಯವರಿಗೆ ಹತ್ತಿ ಬೀಜದ ಕಂಪನಿ ನೆನಪಾಗುತ್ತದೆ. ನನ್ನ ತಮ್ಮನೂ ಫೋನಿನಲ್ಲಿ ಅದನ್ನೇ ಕೇಳಿದ: "ಏನಕ್ಕ, ಬೀಜ ತರ್ಲಾಕ ಹೊಂಟಿ ಏನು?" ಅದಲ್ಲಪ್ಪ. ಇದು ಪೋರ್ಚುಗಲ್ಲಿನ ಪೂರ್ವದಲ್ಲಿ, ಸ್ಪೇನ್ ಗಡಿಗೆ ಹತ್ತಿರ ಇರುವ ಒಂದು ಗುಡ್ಡದ ಊರು. ಗುಡ್ಡದ ತುದಿ 758 ಮೀಟರ್. ಆ ದೇಶದವರು ಪಟ್ಟಿ ಮಾಡಿ ಕಾಪಾಡಿಕೊಂಡಿರುವ 12 ಚಾರಿತ್ರಿಕ ಹಳ್ಳಿಗಳಲ್ಲಿ ಇದೂ ಒಂದು.

ನನ್ನ ಮಗಳು ಲಿಸ್ಬನ್ನಿನಲ್ಲಿ ಕೆಲಸ ಮಾಡುತ್ತಾಳೆ. ಯಾದಗಿರಿಯಲ್ಲಿ ಮೂವತ್ತು ವರ್ಷ ಮೇಷ್ಟರಿಕೆ ಮಾಡಿ ನಿವೃತ್ತಳಾದ ನಾನು, ನಮ್ಮ ಮನೆಯವರು, ಇಬ್ಬರೂ ಅವಳ ಹತ್ತಿರ ಹೋದೆವು. ಅಲ್ಲಿಂದ ಈ ಊರಿಗೆ. ನಮ್ಮ ಕಡೆಯಿಂದ ಈಗ ಮಕ್ಕಳ ಹತ್ತಿರ ಹೋಗುವವರು ಜಾಸ್ತಿ ಆಗಿದ್ದಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಎಚ್ಚರಿಕೆ. ಫೋನಿನ ಮ್ಯಾಪಿನಲ್ಲಿ ಸುಮ್ನೆ ಮೊನ್ಸಾಂತೊ ಅಂತ ಹಾಕಬೇಡಿ. ಲಿಸ್ಬನ್ ಒಳಗೇ ಅದೇ ಹೆಸರಿನ ದೊಡ್ಡ ಕಾಡಿನ ಪಾರ್ಕ್ ಇದೆ. ನಮ್ಮ ಮನೆಯವರು ನೋಡಿ, "ಇಷ್ಟು ಹತ್ರ ಅದ, ಊಟ ಮಾಡೇ ಹೋಗಮು" ಅಂದಿದ್ದರು. ಇದಾನ್ಯಾ-ಅ-ನೋವಾ ಅನ್ನುವ ತಾಲೂಕಿನ ಹೆಸರನ್ನೂ ಸೇರಿಸಿ ಹುಡುಕಿ. ಆಗ ಸರಿಯಾದದ್ದು ಸಿಗುತ್ತದೆ.

ವೀಸಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯುರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ವಿಮಾನ ನಿಲ್ದಾಣವೇ ಹತ್ತಿರ. ಲಿಸ್ಬನ್ನಿಗೆ ನೇರ ವಿಮಾನ ಸಿಗುವುದಿಲ್ಲ, ನಡುವೆ ಒಂದು ಕಡೆ ಬದಲಿಸಬೇಕು. ಚೀಲಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಧಾರಾಳವಾಗಿ ತುಂಬಿ. ತುಪ್ಪ, ಪೇಡಾ ಮಾತ್ರ ಬೇಡ, ಹಾಲಿನ ಪದಾರ್ಥ, ಮಾಂಸ ಎರಡನ್ನೂ ಒಳಗೆ ಬಿಡುವುದಿಲ್ಲ.

ಯಾವಾಗ ಹೋಗಬೇಕು? ಏಪ್ರಿಲ್, ಮೇ ಅಥವಾ ಅಕ್ಟೋಬರ್. ಆಗಸ್ಟ್ ಬೇಡವೇ ಬೇಡ. ಯುರೋಪ್ ಅಂದರೆ ತಂಪು ಅಂದುಕೊಂಡಿರುತ್ತೇವೆ, ಅಲ್ವಾ? ಬೇಸಿಗೆಯಲ್ಲಿ ಆ ಕಡೆ 40 ಡಿಗ್ರಿ ಮುಟ್ಟುತ್ತದೆ. ಬಂಡೆ ಕಾದರೆ ಹೇಗಿರುತ್ತದೆ ಅಂತ ಯಾದಗಿರಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಲಿಸ್ಬನ್ನಿನ ಸಾಂತಾ ಅಪೊಲೋನಿಯಾ ಸ್ಟೇಷನ್ನಿನಿಂದ ಕಾಸ್ತೆಲು ಬ್ರಾಂಕು ಊರಿಗೆ ರೈಲು ಇದೆ. ಸುಮಾರು ಮೂರು ತಾಸು. ಟಿಕೆಟ್ ತೆಗೆಯುವಾಗ ಹೋಗುವ ದಿಕ್ಕಿಗೆ ಬಲಗಡೆ ಕಿಟಕಿ ಕೇಳಿ. ಅಬ್ರಾಂತಿಶ್ ದಾಟಿದ ಮೇಲೆ ತೇಜು ನದಿ ಹಳಿಯ ಪಕ್ಕಕ್ಕೇ ಬರುತ್ತದೆ, ಬಹಳ ಹೊತ್ತು ಜೊತೆಗೇ ಹರಿಯುತ್ತದೆ. ಒಂದು ಕಡೆ ನದಿಯ ಎರಡೂ ದಂಡೆಗೆ ಬಾಗಿಲ ಚೌಕಟ್ಟಿನ ಹಾಗೆ ಬಂಡೆ ನಿಂತಿವೆ. ಅಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ. ನಾನು ಎರಡನ್ನು ಕಂಡೆ. ನಮ್ಮ ಮನೆಯವರು ನಿದ್ದೆ ಹೊಡೆಯುತ್ತಿದ್ದರು.

ಕಾಸ್ತೆಲು ಬ್ರಾಂಕುವಿನಿಂದ ಊರಿಗೆ ಇನ್ನೂ 50 ಕಿಲೋಮೀಟರ್ ಆಗುತ್ತದೆ. ಬಸ್ಸು ತೀರಾ ಕಡಿಮೆ, ಶನಿವಾರ ಭಾನುವಾರ ನಂಬುವ ಹಾಗೇ ಇಲ್ಲ. ಬಾಡಿಗೆ ಕಾರೇ ವಾಸಿ. ಓಡಿಸುವವರು ಇಲ್ಲಿಂದಲೇ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಮಗಳು ಓಡಿಸಿದಳು, ನಾನು ಇಡೀ ದಾರಿ ಇಲ್ಲದ ಬ್ರೇಕ್ ತುಳಿಯುತ್ತಾ ಕುಳಿತಿದ್ದೆ.

ದೂರದಿಂದ ಗುಡ್ಡ ಕಂಡಾಗ ನಮ್ಮ ಮನೆಯವರು ಎದ್ದು ಕುಳಿತರು. "ಏ, ಇದು ನಮ್ಮ ಶಹಾಪುರ ಗುಡ್ಡನೇ ಅದ ನೋಡು!" ನಿಜ. ಬಯಲಿನ ನಡುವೆ ಒಂಟಿ ಗುಡ್ಡ, ಅದರ ಮೇಲೆ ಯಾರೋ ತಂದು ಸುರಿದ ಹಾಗೆ ಗುಂಡುಗಲ್ಲುಗಳು. ಶಹಾಪುರದ ಹತ್ತಿರ ಬುದ್ಧ ಮಲಗಿದ ಬೆಟ್ಟ ನೋಡಿದವರಿಗೆ, ಸುರಪುರದ ರಸ್ತೆಯಲ್ಲಿ ಓಡಾಡಿದವರಿಗೆ ಇದು ಹೊಸದಲ್ಲ. ಎರಡು ಕಡೆಯದೂ ಗ್ರಾನೈಟೇ. ಕಲ್ಲು ಇನ್ನೂ ನೆಲದೊಳಗಿದ್ದಾಗಲೇ ಚೌಕ ಚೌಕವಾಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಇಳಿದು ಮೂಲೆಗಳನ್ನು ಕೊಳೆಸುತ್ತದೆ. ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ದುಂಡನೆಯ ತಿರುಳು ಮಾತ್ರ ಉಳಿಯುತ್ತದೆ. ಅವರ ಕಲ್ಲಿಗೆ ಸುಮಾರು 30 ಕೋಟಿ ವರ್ಷ, ನಮ್ಮದಕ್ಕೆ 250 ಕೋಟಿಯ ಆಸುಪಾಸು. ವಯಸ್ಸಿನಲ್ಲಿ ನಾವೇ ಹಿರಿಯರು, ಅದನ್ನು ಮಗಳಿಗೆ ಎರಡು ಸಲ ಹೇಳಿದೆ.

ಆದರೆ ನಾವು ಮಾಡದ್ದನ್ನು ಅವರು ಮಾಡಿದ್ದಾರೆ. ಬಂಡೆಯನ್ನು ಒಡೆಯದೆ ಅದರ ಸಂದಿಯಲ್ಲೇ ಮನೆ ಕಟ್ಟಿದ್ದಾರೆ. ಎರಡು ಗೋಡೆ ಕಟ್ಟಿದ್ದು, ಮೂರನೆಯದು ಬಂಡೆ, ಸೂರೂ ಬಂಡೆ. ಒಂದೇ ಕಲ್ಲು ಇಡೀ ಮಾಡಿಗೆ ಹೊದಿಕೆಯಾಗಿರುವ ಮನೆಗೆ 'ಒಂದೇ ಹೆಂಚಿನ ಮನೆ' ಅಂತ ಹೆಸರು. ಹಂದಿ ಸಾಕುತ್ತಿದ್ದ ಕಲ್ಲಿನ ಗೂಡುಗಳೂ ಹಾಗೇ ಉಳಿದಿವೆ. ನಾವು ಉಳಿದ ಕೋಣೆಯಲ್ಲಿ ಮಂಚದ ತಲೆದೆಸೆಗೆ ಬಂಡೆಯ ಹೊಟ್ಟೆ ಉಬ್ಬಿಕೊಂಡು ಒಳಗೆ ಬಂದಿತ್ತು. ರಾತ್ರಿ ಕೈ ಇಟ್ಟು ನೋಡಿದೆ, ಮಣ್ಣಿನ ಮಡಕೆಯ ಹಾಗೆ ತಣ್ಣಗಿತ್ತು.

ಇದನ್ನು ಒತ್ತಿ ಹೇಳುತ್ತೇನೆ, ಅಲ್ಲಿ ಒಂದು ರಾತ್ರಿ ಉಳಿಯಿರಿ. ಹೆಚ್ಚಿನವರು ಬೆಳಿಗ್ಗೆ ಬಂದು ಫೋಟೊ ಹೊಡೆದು ಸಂಜೆ ಹೋಗಿಬಿಡುತ್ತಾರೆ. ಆಮೇಲೆ ಊರು ಊರಾಗುತ್ತದೆ. ಮೇ ತಿಂಗಳಲ್ಲಿ ಹೊತ್ತು ಮುಳುಗುವುದು ಎಂಟೂವರೆ ಸುಮಾರಿಗೆ. ಮುದುಕಿಯರು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂಡುತ್ತಾರೆ. 'ಬೋವಾ ತಾರ್ದ್' ಅನ್ನಿ, ಸಂಜೆಯ ನಮಸ್ಕಾರ ಅದು. ಉಳಿದದ್ದನ್ನು ಅವರೇ ಮಾತಾಡುತ್ತಾರೆ, ನಿಮಗೆ ತಿಳಿಯದಿದ್ದರೂ ನಿಲ್ಲಿಸುವುದಿಲ್ಲ.

ಗಾಲಿಯ ಸೂಟ್‌ಕೇಸ್ ಒಯ್ಯಬೇಡಿ. ಕಾರನ್ನು ಕೆಳಗೇ ನಿಲ್ಲಿಸಿ ಕಲ್ಲು ಹಾಸಿದ ಕಡಿದಾದ ಓಣಿ ಹತ್ತಬೇಕು. ನಮ್ಮ ಸೂಟ್‌ಕೇಸಿನ ಒಂದು ಗಾಲಿ ನೂರು ಹೆಜ್ಜೆಗೇ ಕಿತ್ತುಹೋಯಿತು. ನಮ್ಮ ಮನೆಯವರು ಅದನ್ನು ತಲೆ ಮೇಲೆ ಹೊತ್ತು ಹತ್ತಿದರು, ಒಬ್ಬ ಪ್ರವಾಸಿ ಅದರ ಫೋಟೊ ತೆಗೆದ. ಸವೆದ ಕಲ್ಲು ಜಾರುತ್ತದೆ, ಚಪ್ಪಲಿ ಬಿಟ್ಟು ಹಿಡಿತ ಇರುವ ಬೂಟು ಹಾಕಿ. ಮಂಡಿ ನೋವಿನವರು ಕೋಲು ತೆಗೆದುಕೊಂಡು ಹೋಗಿ.

ಮನೆ ಕೊಟ್ಟ ಅಜ್ಜಿ ಒಂದು ದೊಡ್ಡ ಕಬ್ಬಿಣದ ಕೀಲಿಕೈ ಎತ್ತಿ ಹಿಡಿದು 'ಶಾವ್' ಅಂದಳು. ನಾನು 'ಚಾವಿ' ಅಂದೆ. ಅವಳು ತಲೆಯಾಡಿಸಿ ಮತ್ತೆ 'ಶಾವ್' ಅಂದಳು. ನಾವು ದಿನಾ ಅನ್ನುವ ಚಾವಿ ಬಂದದ್ದೇ ಅವರ ಭಾಷೆಯಿಂದ. ಬಟಾಟೆಯೂ ಹಾಗೇ. ತಮಾಷೆ ಅಂದರೆ ಪಗಾರ. ಅಲ್ಲಿ 'ಪಗಾರ್' ಅಂದರೆ ದುಡ್ಡು ಕೊಡುವುದು. ಹೋಟೆಲ್ಲಿನಲ್ಲಿ ಬಿಲ್ ಕೊಡಬೇಕಾದಾಗ ಪಗಾರ್ ಅನ್ನಿ, ಕೆಲಸ ಆಗುತ್ತದೆ.

ಊಟದ ವಿಷಯದಲ್ಲಿ ಎರಡು ಮಾತು. ಕುಳಿತ ಕೂಡಲೇ ಬ್ರೆಡ್, ಆಲಿವ್ ಕಾಯಿ, ಗಿಣ್ಣು (ಚೀಸ್) ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ. ಬೇಡ ಅಂದರೆ ವಾಪಸ್ ಒಯ್ಯುತ್ತಾರೆ, ದುಡ್ಡು ಹಾಕುವುದಿಲ್ಲ. ಎರಡನೆಯದು, ಸೊಪ್ಪಿನ ಸೂಪಿನಲ್ಲೂ ಹಂದಿ ಮಾಂಸದ ತುಂಡು ಇರಬಹುದು. ಶಾಕಾಹಾರಿಗಳು 'ಸೆಂ ಕಾರ್ನ್, ಸೆಂ ಪೈಶ್' ಅನ್ನಬೇಕು: ಮಾಂಸ ಬೇಡ, ಮೀನು ಬೇಡ. ಮಧ್ಯಾಹ್ನ ಮೂರರಿಂದ ಸಂಜೆ ಏಳರ ತನಕ ಅಡುಗೆಮನೆ ಮುಚ್ಚಿರುವುದೇ ಹೆಚ್ಚು. ನಮ್ಮ ರೊಟ್ಟಿ, ಹಿಂಡಿ ಕೈ ಹಿಡಿದದ್ದು ಆಗಲೇ. ಅಲ್ಲಿಯ ಕುರಿ ಹಾಲಿನ ಗಿಣ್ಣಿನ ಜೊತೆ ಕಡಕ್ ರೊಟ್ಟಿ ತಿಂದು ನೋಡಿ. ಬಹಳ ರುಚಿ.

ಬೆಳಿಗ್ಗೆ ಬೇಗ ಎದ್ದು ಕೋಟೆ ಹತ್ತಿ. ದಾರಿಯಲ್ಲಿ ಲುಕಾನು ಗೋಪುರ ಸಿಗುತ್ತದೆ. ಅದರ ನೆತ್ತಿಯ ಮೇಲೊಂದು ಹುಂಜ. 1938ರಲ್ಲಿ 'ಅತ್ಯಂತ ಪೋರ್ಚುಗೀಸ್ ಹಳ್ಳಿ' ಸ್ಪರ್ಧೆ ಗೆದ್ದದ್ದಕ್ಕೆ ಕೊಟ್ಟ ಬೆಳ್ಳಿ ಹುಂಜದ ನಕಲು ಅದು. ದೇಶದ ಮೊದಲ ದೊರೆ ಅಫೊನ್ಸು ಹೆನ್ರಿಕ್ಸ್ 1165ರಲ್ಲಿ ಈ ಜಾಗವನ್ನು ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳಿಗೆ ಕೊಟ್ಟ, ಕೋಟೆ ಕಟ್ಟಿಸಿದವರು ಅವರು. ಮುಂದೆ 19ನೇ ಶತಮಾನದಲ್ಲಿ ಮದ್ದಿನ ಮನೆ ಸಿಡಿದು ಒಳಗೆ ಬಹಳಷ್ಟು ಹಾಳಾಯಿತು. ಹತ್ತಿರವೇ ಸಂತ ಮಿಗೆಲನ ಹಾಳು ಚರ್ಚ್ ಇದೆ. ಅದರ ಸುತ್ತ ಬಂಡೆಯಲ್ಲೇ ಮನುಷ್ಯನ ಆಕಾರಕ್ಕೆ ಕೊರೆದ ಗೋರಿಗಳಿವೆ, ತಲೆಗೆ ಬೇರೆ ಗುಂಡಿ, ಭುಜಕ್ಕೆ ಬೇರೆ. ಮಳೆ ನೀರು ನಿಂತಿತ್ತು. ಗೋಡೆಯ ಅಂಚಿನಲ್ಲಿ ಕಟಕಟೆ ಇಲ್ಲ, ಮಕ್ಕಳ ಕೈ ಬಿಡಬೇಡಿ.

ಆ ಗೋಡೆಯ ಬುಡದಲ್ಲಿ ಬಿಳಿ ಸುಣ್ಣದ ಮಡಕೆ ಚೂರು, ಬಾಡಿದ ಹೂ ಬಿದ್ದಿದ್ದವು. ಎರಡು ದಿನದ ಹಿಂದಷ್ಟೇ ಹಬ್ಬ ಮುಗಿದಿತ್ತು. ಹಿಂದೊಮ್ಮೆ ಶತ್ರುಗಳು ಮುತ್ತಿಗೆ ಹಾಕಿ ಕುಳಿತಾಗ, ಊರವರು ಕೊನೆಯ ಗೋಧಿಯನ್ನು ಕೊನೆಯ ಕರುವಿಗೆ ತಿನ್ನಿಸಿ ಮೇಲಿನಿಂದ ಎಸೆದರಂತೆ. ಒಳಗೆ ಇನ್ನೂ ಬೇಕಾದಷ್ಟಿದೆ ಅಂದುಕೊಂಡು ಶತ್ರುಗಳು ವಾಪಸ್ ಹೋದರಂತೆ. ಈಗ ಕರುವಿನ ಬದಲು ಹೂ ತುಂಬಿದ ಮಡಕೆ ಎಸೆಯುತ್ತಾರೆ. ನನಗೆ ನಮ್ಮ ಮೈಲಾಪುರ ಜಾತ್ರೆಯಲ್ಲಿ ಪಲ್ಲಕ್ಕಿಗೆ ಎಸೆಯುತ್ತಿದ್ದ ಕುರಿಮರಿ ನೆನಪಾಯಿತು. ಅದನ್ನು ತಡೆಯಲು ಈಗಲೂ ಚೆಕ್‌ಪೋಸ್ಟ್ ಹಾಕಬೇಕಾಗುತ್ತದೆ. ಇವರ ಹೂವಿನ ಮಡಕೆಯ ಉಪಾಯ ಎಷ್ಟು ಚಂದ ಅನ್ನಿಸಿತು. ಹಬ್ಬಕ್ಕೇ ಹೋಗಬೇಕೆನ್ನುವವರು ಮೇ 3ರ ಆಸುಪಾಸು ವಿಚಾರಿಸಿ, ಕೋಣೆಯನ್ನು ಬಹಳ ಮುಂಚೆ ಹಿಡಿಯಿರಿ. ಹೆಂಗಸರು ಅಡೂಫ್ ಎಂಬ ಚೌಕಾಕಾರದ ಚರ್ಮವಾದ್ಯ ಬಾರಿಸಿ ಹಾಡುತ್ತಾರೆ.

ಏನಾದರೂ ತರುವುದಿದ್ದರೆ ಮರಾಫೋನಾ ಗೊಂಬೆ ತನ್ನಿ. ಕಟ್ಟಿಗೆಯ ಶಿಲುಬೆಗೆ ಬಣ್ಣದ ಬಟ್ಟೆ ಸುತ್ತಿ ಮಾಡುತ್ತಾರೆ. ಮುಖ ಇರುತ್ತದೆ, ಆದರೆ ಕಣ್ಣು, ಕಿವಿ, ಬಾಯಿ ಒಂದೂ ಇಲ್ಲ. ಮದುವೆಯ ರಾತ್ರಿ ಮಂಚದ ಕೆಳಗೆ ಇಡುವ ಗೊಂಬೆ ಇದು, ನೋಡಬಾರದು, ಕೇಳಬಾರದು, ಯಾರಿಗೂ ಹೇಳಬಾರದು ಅಂತ. ಗುಡುಗು ಸಿಡಿಲಿನಿಂದಲೂ ಮನೆ ಕಾಯುತ್ತದೆ ಅನ್ನುತ್ತಾರೆ. ನಮ್ಮದು ಈಗ ಶೋಕೇಸಿನಲ್ಲಿದೆ. ಮೊನ್ನೆ ಪಕ್ಕದ ಮನೆಯ ಹುಡುಗಿ ಸ್ಕೆಚ್ ಪೆನ್ ತಂದು ಅದಕ್ಕೆ ಕಣ್ಣು ಬರೆಯಲು ಹೊರಟಿದ್ದಳು. ಓಡಿ ಹೋಗಿ ಕೈ ಹಿಡಿದುಕೊಂಡೆ.