ಜರ್ಮನಿಯಲ್ಲಿ ಸರಕು ಸೈಕಲ್: ಕಿಟ್ ಹಾಕಿಸೋದಾ, ಹೊಸದನ್ನೇ ಕೊಳ್ಳೋದಾ?

ಮಕ್ಕಳನ್ನು, ಸಾಮಾನನ್ನು ಹೊರಲು ಇರುವ ಸೈಕಲ್ಲಿಗೇ ಮೋಟರ್, ಬ್ಯಾಟರಿಯ ಕಿಟ್ ಹಾಕಿಸಬಹುದು, ಇಲ್ಲವೇ ಹೊಸ ಎಲೆಕ್ಟ್ರಿಕ್ ಸರಕು ಸೈಕಲ್ ಕೊಳ್ಳಬಹುದು. ದಾವಣಗೆರೆಯಿಂದ ಜರ್ಮನಿಗೆ ಹೊರಟವರು ಪಿ.ಬಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎಲೆಕ್ಟ್ರಿಕ್ ಕಿಟ್ಟನ್ನು ಸೂಟ್‌ಕೇಸಿಗೆ ತುಂಬಿಕೊಳ್ಳಬೇಡಿ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಎಂದರೆ 360 ವಾಟ್-ಅವರ್. ಪ್ರಯಾಣಿಕರ ವಿಮಾನದಲ್ಲಿ 160 ದಾಟಿದ್ದನ್ನು ಒಯ್ಯುವಂತಿಲ್ಲ. ಮೋಟರ್ ಮಾತ್ರ ಒಯ್ದರೂ ಥ್ರಾಟಲ್ (ಹ್ಯಾಂಡಲ್ಲಿನ ಆಕ್ಸಿಲರೇಟರ್) ಕಾಡುತ್ತದೆ. ಊರಿನಲ್ಲಿ ಥ್ರಾಟಲ್ ತಿರುಗಿಸಿಕೊಂಡು ಓಡಿಸಿ ರೂಢಿಯಾದವರು ಇದನ್ನು ಗಟ್ಟಿಯಾಗಿ ನೆನಪಿಡಿ: ಅಲ್ಲಿ ಮೋಟರ್ 250 ವಾಟ್ ಮೀರಬಾರದು, ತುಳಿದರಷ್ಟೇ ನೆರವಾಗಬೇಕು, ಗಂಟೆಗೆ 25 ಕಿ.ಮೀ. ವೇಗಕ್ಕೆ ಆ ನೆರವು ನಿಲ್ಲಬೇಕು. ತುಳಿಯದೆ ಓಡಲು ಗಂಟೆಗೆ 6 ಕಿ.ಮೀ. ವೇಗವೇ ಮಿತಿ. ಇಷ್ಟರೊಳಗಿದ್ದರೆ ಅದು ಸೈಕಲ್ಲೇ, ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಮೀರಿದರೆ ಮೋಟಾರು ವಾಹನ. ವಿಮೆಯಿಲ್ಲದೆ ಓಡಿಸುವುದು ಅಲ್ಲಿ ಬರೀ ದಂಡವಲ್ಲ, ಕ್ರಿಮಿನಲ್ ಅಪರಾಧ. ವೀಸಾದ ಮೇಲೆ ಇರುವವರಿಗೆ ಅದು ಬೇಡದ ರಗಳೆ.

ಮಕ್ಕಳನ್ನು ಕೂರಿಸುವುದಿದ್ದರೆ ಕಾರ್ಖಾನೆಯಲ್ಲೇ ತಯಾರಾದ ಎಲೆಕ್ಟ್ರಿಕ್ ಸರಕು ಸೈಕಲ್ಲನ್ನು ಕೊಳ್ಳಿ, ಇದರಲ್ಲಿ ಎರಡು ಮಾತಿಲ್ಲ. ಸರಕು ಸೈಕಲ್ಲಿನ ಜರ್ಮನ್ ಮಾನದಂಡ ಡಿಐಎನ್ 79010 ಅಥವಾ ಅದರ ನಂತರ ಬಂದ ಯುರೋಪಿನ ಇಎನ್ 17860 ಮಾನದಂಡಕ್ಕೆ ಒಪ್ಪಿದ ಗಾಡಿಯಲ್ಲಿ ಫ್ರೇಮು, ಬ್ರೇಕು ಎಲ್ಲ ಪೂರ್ತಿ ಭಾರಕ್ಕೆ ಪರೀಕ್ಷೆಯಾಗಿರುತ್ತವೆ. ಕಿಟ್ ಹಾಕಿದಲ್ಲಿ, ಹಾಕಿದವರನ್ನೇ ತಯಾರಕರೆಂದು ಎಣಿಸಿ ಹೊಣೆ ಹೊರಿಸಲಾಗುತ್ತದೆ. ಹಳೆಯ ಫ್ರೇಮಿನ ವಾರಂಟಿಯೂ ಸಾಮಾನ್ಯವಾಗಿ ಹೋಗುತ್ತದೆ. ಎಷ್ಟೋ ಅಂಗಡಿಗಳು ಬೇರೆಯವರು ಕಿಟ್ ಹಾಕಿದ ಸೈಕಲ್ಲನ್ನು ರಿಪೇರಿಗೆ ಮುಟ್ಟದಿರಲು ಈ ಹೊಣೆಯ ಭಯವೇ ಕಾರಣ.

ದಿನಸಿ ತರಲು, ಟ್ರೇಲರ್ ಎಳೆಯಲು ಗಟ್ಟಿಮುಟ್ಟಾದ ಉಕ್ಕಿನ ಸೈಕಲ್ ಇದ್ದರೆ ಕಿಟ್ ಸಾಕು. ಕೊಳ್ಳುವ ಮೊದಲು ಅಳತೆ ತೆಗೆಯಿರಿ. ಮುಂದಿನ ಚಕ್ರ ಹಿಡಿದ ಫೋರ್ಕಿನ ಎರಡು ಕಾಲುಗಳ ನಡುವೆ 100 ಮಿ.ಮೀ., ಹಿಂದೆ 135, ಪೆಡಲ್ ಅಚ್ಚಿನ ಗೂಡಿಗೆ 68 ಅಥವಾ 73 ಇರಬೇಕು. ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಜರ್ಮನಿಯ ಹಳೆ ಸೈಕಲ್ಲುಗಳಲ್ಲಿ ತುಂಬಾ. ಅಂಥದಕ್ಕೆ ಪೆಡಲ್ ಅಚ್ಚಿನಲ್ಲಿ ಕೂರುವ ನಡುವಿನ ಮೋಟರ್ ಸಾಮಾನ್ಯವಾಗಿ ಹೊಂದುವುದಿಲ್ಲ: ಅದರ ಕ್ರ್ಯಾಂಕ್ (ಪೆಡಲ್ ತೋಳು) ಹಿಂದಕ್ಕೆ ಬರಿದೇ ತಿರುಗುತ್ತದೆ, ಬ್ರೇಕೇ ಇಲ್ಲದಂತಾಗುತ್ತದೆ. ಅದರ ಬದಲು ಮುಂದಿನ ಚಕ್ರದ ನಡುವೆ ಕೂರುವ ಹಬ್ ಮೋಟರ್ ಹಾಕಿ.

ಹಬ್ ಮೋಟರಿಗೆ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಬಿಡಲೇಬೇಡಿ. ಮೋಟರ್ ಚಕ್ರವನ್ನು ಮುಂದಕ್ಕೆ ತಳ್ಳಿದಾಗ ಅಚ್ಚು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ. ಪಟ್ಟಿ ಇಲ್ಲದಿದ್ದರೆ ಫೋರ್ಕಿನ ತುದಿ ಅಗಲವಾಗಿ, ಅಚ್ಚು ಸುತ್ತಿ, ವೈರ್ ಕಿತ್ತು, ಚಕ್ರ ಕಳಚುತ್ತದೆ. ಅಲ್ಯೂಮಿನಿಯಂ ಫೋರ್ಕು ಬಾಗುವ ಬದಲು ಸೀಳುತ್ತದೆ, ಅದಕ್ಕೆ ಮುಂದಿನ ಮೋಟರ್ ಬೇಡವೇ ಬೇಡ. ನಟ್ಟನ್ನು ಸುಮಾರು 40 ನ್ಯೂಟನ್-ಮೀಟರಿಗೆ ಬಿಗಿದು, ಒಂದೆರಡು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ದುಡ್ಡಿನ ಲೆಕ್ಕವನ್ನು ಬೆಲೆಚೀಟಿ ನೋಡಿಯೇ ಮುಗಿಸಬೇಡಿ. ಕಂಪನಿಯಲ್ಲಿ ಬಾಡಿಗೆ ಸಂಬಳದಿಂದ ಕಡಿತವಾಗುವ ಸೈಕಲ್ ಲೀಸಿಂಗ್ ಇದೆಯೇ ಎಂದು ಎಚ್‌ಆರ್‌ ಬಳಿ ಕೇಳಿ. ತೆರಿಗೆಗೆ ಬೆಲೆಯ ಕಾಲು ಭಾಗವನ್ನಷ್ಟೇ ಎಣಿಸುತ್ತಾರೆ: 4,800 ಯೂರೋ ಸೈಕಲ್ಲಿಗೆ 1,200. ಅದರ ಶೇ 1, ಅಂದರೆ ತಿಂಗಳಿಗೆ 12 ಯೂರೋ ಮಾತ್ರ ತೆರಿಗೆಯ ಆದಾಯಕ್ಕೆ ಸೇರುತ್ತದೆ. ಮನೆಯಲ್ಲಿರುವ ಹಳೆ ಸೈಕಲ್ಲಿಗೆ ಹಾಕುವ ಕಿಟ್ಟಿಗೆ ಈ ಅನುಕೂಲ ಸಿಗುವುದಿಲ್ಲ.

ಎರಡರಲ್ಲಿ ಯಾವುದೇ ಆದರೂ ಬಿಚ್ಚಿ ಒಳಗೊಯ್ಯಬಹುದಾದ ಬ್ಯಾಟರಿ ಇರಲಿ. ಊರಿನಲ್ಲಿ ಬಿಸಿಲಿನ ಚಿಂತೆ, ಅಲ್ಲಿ ಚಳಿಯದ್ದು: ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ಲಿನೊಳಗೆ ಲಿಥಿಯಂ ಪದರಗಟ್ಟಿ ಬ್ಯಾಟರಿ ಕಾಯಂ ಕೆಡುತ್ತದೆ. ಒಳಗೆ ತಂದ ಬ್ಯಾಟರಿ ಕೋಣೆಯ ಬಿಸಿಗೆ ಬಂದ ಮೇಲೆಯೇ ಚಾರ್ಜರ್ ಸಿಕ್ಕಿಸಿ.